ದೂರ ಅಗ್ಗವಾದ ಮೇಲೆ



ತಂತ್ರಜ್ಞಾನ ಮತ್ತು ಆರ್ಥಿಕತೆ ಎಂದ ಕೂಡಲೇ ಈಗ ಎಲ್ಲರಿಗೂ ನೆನಪಾಗುವುದು ಕೃತಕ ಬುದ್ಧಿಮತ್ತೆ. ಅದರ ಬಗ್ಗೆ ದಿನವೂ ಪತ್ರಿಕೆಗಳಲ್ಲಿ ಓದುತ್ತಿದ್ದೀರಿ. ನಾನು ಇಂದು ಹೇಳಬೇಕೆಂದಿರುವುದು ಸುಮಾರು ಎಪ್ಪತ್ತು ವರ್ಷದ ಹಿಂದೆ ಬಂದ ಒಂದು ಲೋಹದ ಪೆಟ್ಟಿಗೆಯ ಕಥೆ. ಲಾರಿಗಳ ಮೇಲೆ, ಗೂಡ್ಸ್ ರೈಲುಗಳ ಮೇಲೆ ನೀವೆಲ್ಲ ನೋಡಿರುವ ಕಂಟೇನರ್. ಹೊಸ ತಂತ್ರವೊಂದು ಬಂದಾಗ ಕೆಲಸ ಯಾವ ಊರು ಬಿಟ್ಟು ಯಾವ ಊರಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ, ಆ ಸ್ಥಳಾಂತರದ ನಷ್ಟವನ್ನು ಯಾರು ಹೊರುತ್ತಾರೆ ಎಂಬುದನ್ನು ಇದರಷ್ಟು ನಿಚ್ಚಳವಾಗಿ ತೋರಿಸುವ ಉದಾಹರಣೆ ಇನ್ನೊಂದು ನನಗೆ ಸಿಕ್ಕಿಲ್ಲ. ಈ ಪೆಟ್ಟಿಗೆ ಮಾಡಿದ ಲಾಭ ನಷ್ಟಗಳೆರಡೂ ಈಗ ಇತಿಹಾಸದಲ್ಲಿ ದಾಖಲಾಗಿವೆ. ಹೊಸ ಯಂತ್ರಗಳ ಎದುರು ನಿಂತಿರುವ ನಮಗೆ ಆ ದಾಖಲೆಯಿಂದ ಕಲಿಯುವುದು ಬಹಳ ಇದೆ.

ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ. ಆರ್ಥಿಕ ಇತಿಹಾಸಕಾರ ಪಾಲ್ ಬೈರೋಕ್ ಅವರ ಅಂದಾಜಿನ ಪ್ರಕಾರ 1750ರಲ್ಲಿ ಜಗತ್ತಿನ ಒಟ್ಟು ಕೈಗಾರಿಕಾ ಉತ್ಪಾದನೆಯಲ್ಲಿ ಭಾರತದ ಪಾಲು ಶೇ. 24.5 ಇತ್ತು, ಚೀನಾದ್ದು ಶೇ. 32.8. 1900ರ ಹೊತ್ತಿಗೆ ಭಾರತದ ಪಾಲು ಶೇ. 1.7ಕ್ಕೆ ಇಳಿದಿತ್ತು. ನೂರೈವತ್ತು ವರ್ಷಗಳಲ್ಲಿ ಜಗತ್ತಿನ ಆರ್ಥಿಕ ಭೂಪಟವೇ ತಿರುಗಿಬಿತ್ತು. ನೂಲುವ ಯಂತ್ರ, ಉಗಿಯಂತ್ರ, ಆಮೇಲೆ ಬಂದ ರೈಲು ಮತ್ತು ಉಗಿಹಡಗು ಇದಕ್ಕೆ ಕಾರಣವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ವಸಾಹತು ಆಡಳಿತದ ಸುಂಕನೀತಿ, ವ್ಯಾಪಾರದ ಮೇಲಿನ ಹಿಡಿತ ಇವುಗಳ ಪಾತ್ರವೂ ಸಣ್ಣದಲ್ಲ. ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ನನ್ನ ಇಂದಿನ ಮಾತಿಗೆ ಬೇಕಾದ್ದು ಇಷ್ಟೇ: ಸಾಗಣೆ ಅಗ್ಗವಾದಾಗ ಉತ್ಪಾದನೆ ಲೋಕದ ತುಂಬ ಸಮನಾಗಿ ಹರಡಲಿಲ್ಲ. ಇಂಗ್ಲೆಂಡಿನ ಲಂಕಾಶೈರ್‌ನಂಥ ಕೆಲವೇ ಜಾಗಗಳಲ್ಲಿ ಒಟ್ಟುಗೂಡಿತು. ದೂರದ ಗಿರಾಕಿಗೂ ಬಟ್ಟೆಯನ್ನು ಅಗ್ಗವಾಗಿ ಮುಟ್ಟಿಸಬಹುದು ಎಂದಾದ ಮೇಲೆ ಪ್ರತಿ ಊರಿನಲ್ಲೂ ಮಗ್ಗ ಇರಬೇಕಾದ ಅಗತ್ಯವೇ ತಪ್ಪಿತು.

ಒಂದು ತಂತ್ರ ಬಂದು ಉದ್ಯಮವನ್ನು ಅದರ ಹಳೆಯ ಕಟ್ಟಿನಿಂದ ಬಿಡಿಸುವುದು ಹೇಗೆಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. ಆ ಕಾಲಕ್ಕೆ ಅದು ಲೋಕದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಅಲ್ಲಿಯವರೆಗೆ ಯಂತ್ರಶಕ್ತಿ ಬೇಕಾದ ಉದ್ಯಮ ನೀರಿನ ಪಕ್ಕ ಇರಬೇಕಿತ್ತು, ಇಲ್ಲವೇ ಇರುವಲ್ಲಿಗೆ ಕಲ್ಲಿದ್ದಲನ್ನೋ ಸೌದೆಯನ್ನೋ ತರಿಸಿಕೊಳ್ಳಬೇಕಿತ್ತು. ಬಯಲುಸೀಮೆಯ ಬಂಡೆಯ ಕೆಳಗಿನ ಗಣಿಗೆ ಹೊಳೆಯ ಶಕ್ತಿಯನ್ನು ತಂತಿ ತಂದುಕೊಟ್ಟಿತು. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಮೊದಲ ತಂತಿ ಎಳೆದದ್ದು ಊರಿಗೆ ಬೆಳಕು ಕೊಡುವುದಕ್ಕಲ್ಲ, ಬ್ರಿಟಿಷ್ ಗಣಿ ಕಂಪನಿಗಳಿಗೆ ಶಕ್ತಿ ಮಾರುವುದಕ್ಕೆ ಎಂಬುದನ್ನು ನಾವು ಮರೆಯಬಾರದು.

ಈಗ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ.

1954ರಲ್ಲಿ ‘ವಾರಿಯರ್’ ಎಂಬ ಸರಕು ಹಡಗು ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಜರ್ಮನಿಯ ಬ್ರೆಮರ್‌ಹಾಫೆನ್‌ಗೆ ಹೋಯಿತು. ಸರಕು ಸಾಗಣೆಯಲ್ಲಿ ಹಣ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಅಮೆರಿಕದ ಸರ್ಕಾರ ಆ ಒಂದು ಪ್ರಯಾಣದ ಲೆಕ್ಕವನ್ನು ಪೈಸೆ ಪೈಸೆಯಾಗಿ ಬರೆಸಿತು. ಹಡಗಿನಲ್ಲಿ ಇದ್ದದ್ದು ಸುಮಾರು 5,000 ಟನ್ ಸರಕು. ಆದರೆ ಅದು 1,94,582 ಬಿಡಿ ನಗಗಳಾಗಿತ್ತು. ಮರದ ಪೆಟ್ಟಿಗೆ, ರಟ್ಟಿನ ಪೆಟ್ಟಿಗೆ, ಪೀಪಾಯಿ, ಡ್ರಮ್ಮು, ಕಟ್ಟು, 24,036 ಚೀಲ, 53 ವಾಹನ. 151 ಊರುಗಳಿಂದ ಬಂದ ಇವೆಲ್ಲ ಮೊದಲು ಧಕ್ಕೆಯ ಮೇಲೆ ರಾಶಿ ಬಿದ್ದವು. ಒಂದೊಂದನ್ನೂ ಹಮಾಲರು ಎತ್ತಿ, ಬಲೆಗೋ ಹಲಗೆಗೋ ಹಾಕಿ, ಹಡಗಿನ ಹೊಟ್ಟೆಗಿಳಿಸಿ, ಅಲ್ಲಿ ಇನ್ನೊಂದು ತಂಡ ಅದನ್ನು ಬಿಚ್ಚಿ, ಅಲೆಗೆ ಉರುಳದಂತೆ ಒಂದಕ್ಕೊಂದು ಒತ್ತಿ ಕಟ್ಟಿತು. ತುಂಬುವುದಕ್ಕೆ ಆರು ದಿನ. ಅಟ್ಲಾಂಟಿಕ್ ದಾಟುವುದಕ್ಕೆ ಹತ್ತೂವರೆ ದಿನ. ಇಳಿಸುವುದಕ್ಕೆ ನಾಲ್ಕು ದಿನ. ಕೊನೆಯ ಸರಕು ಅದರ ವಾರಸುದಾರನಿಗೆ ತಲುಪಿದ್ದು ಹಡಗು ಬಂದು ಒಂದು ತಿಂಗಳಾದ ಮೇಲೆ.

ಖರ್ಚಿನ ಲೆಕ್ಕ ಇನ್ನೂ ಮುಖ್ಯವಾದದ್ದು. ಅಷ್ಟು ದೊಡ್ಡ ಸಾಗರ ದಾಟಿದ್ದಕ್ಕೆ ಆದದ್ದು ಒಟ್ಟು ಖರ್ಚಿನ ಶೇ. 11.5. ಎರಡು ಬಂದರುಗಳಲ್ಲಿ ಆದ ಖರ್ಚು ಶೇ. 37ರಷ್ಟು. ದೂರವೆಂದರೆ ಸಮುದ್ರದ ಉದ್ದ ಎಂದು ಎಲ್ಲರೂ ತಿಳಿದಿದ್ದರು. ನಿಜವಾದ ದೂರ ಇದ್ದದ್ದು ಧಕ್ಕೆಯ ಕೆಲವು ಅಡಿಗಳಲ್ಲಿ, ಲಾರಿಯಿಂದ ಹಡಗಿಗೆ ಎತ್ತಿಡುವ ಕೆಲಸದಲ್ಲಿ.

ಇದನ್ನು ಹಣದ ಲೆಕ್ಕದಲ್ಲಿ ಕಂಡುಕೊಂಡವನು ಹಡಗಿನವನಲ್ಲ, ಲಾರಿಯವನು. ನಾರ್ತ್ ಕೆರೊಲಿನಾದ ಮ್ಯಾಲ್ಕಮ್ ಮೆಕ್ಲೀನ್ ಲಾರಿ ಕಂಪನಿ ಕಟ್ಟಿ ಬೆಳೆಸಿದವನು. ಎರಡನೆಯ ಮಹಾಯುದ್ಧದ ಕಾಲದ ಒಂದು ತೈಲದ ಹಡಗನ್ನು ಕೊಂಡು, ಅದರ ಮೇಲೆ ಚೌಕಟ್ಟು ಕಟ್ಟಿಸಿ, ಚಕ್ರ ಬಿಚ್ಚಿದ ಲಾರಿಯ ಒಡಲುಗಳಂತೆ ಕಾಣುವ 58 ಪೆಟ್ಟಿಗೆಗಳನ್ನು ಇಟ್ಟು 1956ರ ಏಪ್ರಿಲ್ 26ರಂದು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಹಡಗಿನ ಹೆಸರು ‘ಐಡಿಯಲ್ ಎಕ್ಸ್’. ಬಿಡಿ ಸರಕನ್ನು ಹಡಗಿಗೆ ತುಂಬಲು ಆಗ ಟನ್ನಿಗೆ 5 ಡಾಲರ್ 83 ಸೆಂಟ್ ಬೀಳುತ್ತಿತ್ತು. ಆ ದಿನ ಬಿದ್ದದ್ದು ಟನ್ನಿಗೆ 16 ಸೆಂಟಿಗೂ ಕಡಿಮೆ.

ಪೆಟ್ಟಿಗೆಯಲ್ಲಿ ಸರಕು ಕಳಿಸುವ ಪ್ರಯತ್ನ ಅದಕ್ಕೆ ಮುಂಚೆಯೂ ನಡೆದಿತ್ತು. ಆದರೆ ಬಿಡಿ ಸರಕಿನ ನಡುವೆ ಪೆಟ್ಟಿಗೆಯೂ ಒಂದು ಬಿಡಿ ಸರಕಾಗಿತ್ತು, ಅಷ್ಟೇ. ಹೊಸದಾಗಿ ಆದದ್ದೇನೆಂದರೆ ಲಾರಿ, ರೈಲು, ಕ್ರೇನು, ಹಡಗು ಎಲ್ಲವೂ ಒಂದೇ ಪೆಟ್ಟಿಗೆಗೆ ಹೊಂದುವ ಹಾಗೆ ತಯಾರಾದವು. ಮುಂದಿನ ಸಲ ಕಂಟೇನರ್ ಲಾರಿ ಹತ್ತಿರ ನಿಂತಾಗ ಅದರ ಮೂಲೆಗಳನ್ನು ನೋಡಿ. ಎಂಟು ಮೂಲೆಗೂ ಎರಕ ಹೊಯ್ದ ಗಟ್ಟಿ ಉಕ್ಕಿನ ತುಂಡು, ಅದರಲ್ಲಿ ಉದ್ದುದ್ದನೆಯ ತೂತು. ಲಾರಿಯ ಚಾಸಿಯಿಂದ ಮೇಲೆದ್ದ ಕೀಲು ಆ ತೂತಿನೊಳಗೆ ಹೋಗುತ್ತದೆ, ಸನ್ನೆ ತಿರುಗಿಸಿದರೆ ಕೀಲಿನ ತಲೆ ಅಡ್ಡವಾಗಿ ನಿಂತು ಬಿಗಿಯುತ್ತದೆ. ಕ್ರೇನು ಹಿಡಿಯುವುದೂ ಅದೇ ತೂತಿನಲ್ಲಿ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿ ಬಿಗಿಯುವುದೂ ಅದೇ ತೂತಿನಲ್ಲಿ. ಇದನ್ನು ರೂಪಿಸಿದ ಎಂಜಿನಿಯರ್ ಕೀತ್ ಟಾಂಟ್ಲಿಂಗರ್. ಮೆಕ್ಲೀನನ ಕಂಪನಿ ಆ ಪೇಟೆಂಟನ್ನು ಉಳಿದವರೂ ಬಳಸಲು ಬಿಟ್ಟುಕೊಟ್ಟಿತು. 1960ರ ದಶಕದ ಕೊನೆಯ ಹೊತ್ತಿಗೆ 20 ಅಡಿ, 40 ಅಡಿಯ ಅಳತೆಗಳು ಅಂತರರಾಷ್ಟ್ರೀಯ ಮಾನಕಗಳಾದವು. ಜಾಗತೀಕರಣದ ಬಗ್ಗೆ ನಾವು ಬರೆಯುವ ದಪ್ಪ ಪುಸ್ತಕಗಳಲ್ಲಿ ಈ ತೂತಿಗೆ ಒಂದು ಪುಟವಾದರೂ ಸಿಗಬೇಕು ಎಂದು ನಾನು ನಂಬಿದ್ದೇನೆ. ಸಾವಿರಾರು ಕಂಪನಿಗಳು, ನೂರಾರು ಬಂದರುಗಳು ಒಂದೇ ಅಳತೆಗೆ ಒಪ್ಪಿಕೊಳ್ಳದಿದ್ದರೆ ಇದರ ಬಹುಪಾಲು ಲಾಭ ಯಾರ ಕೈಗೂ ಹತ್ತುತ್ತಿರಲಿಲ್ಲ.

ಇದರ ಪರಿಣಾಮ ಮೊದಲು ಬಿದ್ದದ್ದು ಬಂದರು ಊರುಗಳ ಮೇಲೆ. ಪೆಟ್ಟಿಗೆಗಳನ್ನು ಪೇರಿಸಲು ವಿಶಾಲ ಬಯಲು ಬೇಕು, ಆಳವಾದ ನೀರು ಬೇಕು, ಹೆದ್ದಾರಿ ಮತ್ತು ರೈಲು ಬೇಕು. ನಗರದ ನಡುವೆ ಇಕ್ಕಟ್ಟಾಗಿದ್ದ ಹಳೆಯ ಧಕ್ಕೆಗಳಿಗೆ ಇದು ಯಾವುದೂ ಇರಲಿಲ್ಲ. ನ್ಯೂಯಾರ್ಕಿನ ಸರಕು ಕೊಲ್ಲಿಯಾಚೆಯ ನ್ಯೂಜೆರ್ಸಿಗೆ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೊದ್ದು ಎದುರು ದಡದ ಓಕ್ಲೆಂಡ್‌ಗೆ ಹೋಯಿತು. ಧಕ್ಕೆಯ ಹತ್ತಿರ ಇದ್ದರೆ ಸಾಗಣೆ ಖರ್ಚು ಉಳಿಯುತ್ತದೆ ಎಂದೇ ಅಲ್ಲಿ ಕಟ್ಟಿದ್ದ ಕಾರ್ಖಾನೆಗಳಿಗೂ ಇನ್ನು ಅಲ್ಲಿರಲು ಕಾರಣ ಉಳಿಯಲಿಲ್ಲ. 1967ರಿಂದ ಹತ್ತು ವರ್ಷದೊಳಗೆ ನ್ಯೂಯಾರ್ಕ್ ನಗರ ತನ್ನ ಕೈಗಾರಿಕಾ ಉದ್ಯೋಗಗಳಲ್ಲಿ ಮೂರರಲ್ಲೊಂದು ಪಾಲನ್ನು ಕಳೆದುಕೊಂಡಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಬಂದರು ಹೋದದ್ದು ಅವುಗಳಲ್ಲಿ ಹಗುರಾದದ್ದಲ್ಲ.

ಲಂಡನ್ನಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಹತ್ತಿ, ಚಹಾ, ಸಂಬಾರ ಇಳಿಯುತ್ತಿದ್ದ ಊರು ಅದು. ಅಲ್ಲಿ ಕಂಪನಿಯ ಹೆಸರನ್ನೇ ಹೊತ್ತ ಈಸ್ಟ್ ಇಂಡಿಯಾ ಡಾಕ್ 1967ರಲ್ಲಿ ಮುಚ್ಚಿತು. ಆಮೇಲೆ ಒಂದೊಂದಾಗಿ ಉಳಿದವು ಮುಚ್ಚಿದವು. ವೆಸ್ಟ್ ಇಂಡಿಯಾ ಡಾಕ್ 1980ರಲ್ಲಿ, ರಾಯಲ್ ಡಾಕ್‌ಗಳು 1981ರಲ್ಲಿ. ಲಂಡನ್ನಿನ ಹೊಳೆಯ ಕೆಳಹರಿವಿನಲ್ಲಿರುವ ಟಿಲ್ಬರಿಯಲ್ಲಿ ಕಂಟೇನರ್ ಬಂದರು ಕಟ್ಟಿದ್ದರು. ಆದರೆ ಮಾತುಕತೆ ಮುರಿದು, ಅಲ್ಲಿಯ ಕಾರ್ಮಿಕ ಸಂಘ 1968ರಿಂದ ಸುಮಾರು ಎರಡು ವರ್ಷ ಕಂಟೇನರ್ ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿಯಿತು. ಸರಕು ಕಾಯಲಿಲ್ಲ. ಧಕ್ಕೆ ಕಾರ್ಮಿಕರ ನೇಮಕವನ್ನು ನಿಯಂತ್ರಿಸುತ್ತಿದ್ದ ರಾಷ್ಟ್ರೀಯ ಯೋಜನೆಯ ವ್ಯಾಪ್ತಿಗೇ ಬಾರದಿದ್ದ ಫೆಲಿಕ್ಸ್‌ಸ್ಟೋ ಎಂಬ ಸಣ್ಣ ಬಂದರಿಗೆ ಅದು ಹರಿಯಿತು. ಇಂದು ಬ್ರಿಟನ್ನಿನ ಅತಿ ದೊಡ್ಡ ಕಂಟೇನರ್ ಬಂದರು ಅದೇ. ವೆಸ್ಟ್ ಇಂಡಿಯಾ ಡಾಕ್ ಇದ್ದ ಜಾಗದಲ್ಲಿ ಕ್ಯಾನರಿ ವಾರ್ಫ್‌ನ ಬ್ಯಾಂಕು ಕಟ್ಟಡಗಳು ಎದ್ದವು. ಜಾಗಕ್ಕೆ ಮತ್ತೆ ಬೆಲೆ ಬಂತು. ಆದರೆ ಅಲ್ಲಿ ಬೆನ್ನು ಬಗ್ಗಿಸಿ ದುಡಿದವರಲ್ಲಿ ಬಹಳಷ್ಟು ಜನರ ಮಕ್ಕಳಿಗೆ ಆ ಕಟ್ಟಡಗಳೊಳಗಿನ ಕೆಲಸಕ್ಕೆ ಬೇಕಾದ ಓದು ಇರಲಿಲ್ಲ.

ಅದಕ್ಕೂ ಕೆಲವು ವರ್ಷ ಮೊದಲೇ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೇರೆಯೇ ಒಂದು ದಾರಿ ಹಿಡಿದರು. ಅಲ್ಲಿಯ ಧಕ್ಕೆ ಕಾರ್ಮಿಕರ ನಾಯಕ ಹ್ಯಾರಿ ಬ್ರಿಡ್ಜಸ್. ಕೈಗಾರಿಕಾ ಲೋಕದಲ್ಲಿ ಕಟ್ಟಾ ಎಡಪಂಥೀಯನೆಂದು ಹೆಸರಾದವನು. ಯಂತ್ರ ಬರುವುದನ್ನು ತಡೆಯಲಾಗದು, ಅದರಿಂದ ಉಳಿಯುವ ಹಣದಲ್ಲಿ ನಮ್ಮ ಪಾಲು ಎಷ್ಟು ಎಂದು ಈಗಲೇ ಮಾತಾಡೋಣ ಎಂಬ ನಿಲುವಿಗೆ ಆತ ಬಂದ. 1960ರಲ್ಲಿ ಒಪ್ಪಂದವಾಯಿತು. ಮಾಲೀಕರು ಯಾವ ಯಂತ್ರ ಬೇಕಾದರೂ ತರಬಹುದು. ಅದಕ್ಕೆ ಬದಲಾಗಿ ವರ್ಷಕ್ಕೆ 50 ಲಕ್ಷ ಡಾಲರ್ ಕಾರ್ಮಿಕರ ನಿಧಿಗೆ ಕಟ್ಟಬೇಕು, ನೋಂದಾಯಿತ ಕಾರ್ಮಿಕರಲ್ಲಿ ಒಬ್ಬರನ್ನೂ ಯಂತ್ರದ ಕಾರಣಕ್ಕೆ ಮನೆಗೆ ಕಳಿಸುವಂತಿಲ್ಲ, ಬೇಗ ನಿವೃತ್ತರಾಗುವವರಿಗೆ ಕೈತುಂಬ ಹಣ ಕೊಡಬೇಕು. ನ್ಯೂಯಾರ್ಕಿನಲ್ಲೂ ಕೆಲವು ವರ್ಷಗಳ ಮೇಲೆ ವರ್ಷಕ್ಕಿಷ್ಟು ಗಂಟೆಯ ಕೂಲಿ ಖಾತರಿ ಎಂಬ ಒಪ್ಪಂದ ಬಂತು. ಈ ಒಪ್ಪಂದಗಳಿಗೂ ಮಿತಿ ಇತ್ತು. ನೋಂದಣಿ ಆಗದೆ ಅಂಚಿನಲ್ಲಿದ್ದವರಿಗೆ ಅಷ್ಟು ರಕ್ಷಣೆ ಸಿಗಲಿಲ್ಲ, ಮುಂದಿನ ತಲೆಮಾರಿಗೆ ಆ ಕೆಲಸವೇ ಇರಲಿಲ್ಲ. ಹಾಗಿದ್ದೂ ಒಂದು ವಿಷಯ ಅದರಿಂದ ಸಾಬೀತಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಬಂದರನ್ನು ಯಾರಿಂದಲೂ ಉಳಿಸಲಾಗಲಿಲ್ಲ; ಅಲ್ಲಿ ದುಡಿಯುತ್ತಿದ್ದವರ ಸಂಸಾರಗಳನ್ನು ಉಳಿಸಲಾಯಿತು. ಕೆಲಸ ಹೋಗುತ್ತದೆಂಬುದನ್ನು ತಂತ್ರ ನಿರ್ಧರಿಸಿರಬಹುದು. ಹೋದ ಮೇಲೆ ಜನ ಬೀದಿಗೆ ಬೀಳಬೇಕೇ ಎಂಬುದನ್ನು ಮನುಷ್ಯರು ಒಂದು ಮೇಜಿನ ಸುತ್ತ ಕೂತು ನಿರ್ಧರಿಸಿದರು. ನನ್ನ ಇಂದಿನ ಉಪನ್ಯಾಸದಲ್ಲಿ ನೆನಪಿಡಬೇಕಾದ ಒಂದೇ ಸಂಗತಿ ಕೇಳಿದರೆ ಇದನ್ನೇ ಹೇಳುತ್ತೇನೆ.

ಪೆಟ್ಟಿಗೆ ಪೆಸಿಫಿಕ್ ದಾಟಿದ್ದು ಯುದ್ಧದ ಬೆನ್ನ ಮೇಲೆ. 1967ರಲ್ಲಿ ಅಮೆರಿಕದ ಸೇನೆಯ ಸರಂಜಾಮು ಹೊತ್ತು ಮೆಕ್ಲೀನನ ಕಂಟೇನರ್ ಹಡಗುಗಳು ವಿಯೆಟ್ನಾಮಿನ ಕಾಮ್ ರಾನ್ ಕೊಲ್ಲಿಗೆ ಹೋದವು. ಹೋಗುವ ಬಾಡಿಗೆಯನ್ನು ಸೇನೆ ಕೊಡುತ್ತಿತ್ತು, ಬರುವಾಗ ಹಡಗು ಖಾಲಿ. ಖಾಲಿ ಬರುವ ಬದಲು ಜಪಾನಿನಲ್ಲಿ ನಿಲ್ಲಿಸಿ ಅಲ್ಲಿಯ ಸರಕು ತುಂಬಿಕೊಂಡು ಬರತೊಡಗಿದವು. ಜಪಾನಿನ ಟಿವಿ, ರೇಡಿಯೊ ಅಮೆರಿಕದ ಅಂಗಡಿಗಳಿಗೆ ಅಗ್ಗದಲ್ಲಿ ತಲುಪಿದವು. ಸಿಂಗಪುರ ಆಗಿನ್ನೂ ಕಂಟೇನರ್ ಹಡಗು ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗಲೇ ಸಾಲ ಮಾಡಿ ಟರ್ಮಿನಲ್ ಕಟ್ಟಿ 1972ರಲ್ಲಿ ತೆರೆಯಿತು. ಚೀನಾ 1980ರಲ್ಲಿ ಶೆನ್‌ಜೆನ್ ವಿಶೇಷ ಆರ್ಥಿಕ ವಲಯ ಮಾಡಿತು. ಶಾಂಘೈ 2010ರಿಂದ ಈಚೆಗೆ ಜಗತ್ತಿನ ಅತಿ ಹೆಚ್ಚು ಕಂಟೇನರ್ ಸಾಗಿಸುವ ಬಂದರು. ಜಗತ್ತಿನ ಕೈಗಾರಿಕಾ ಉತ್ಪಾದನೆಯಲ್ಲಿ 1990ರಲ್ಲಿ ಶೇ. 3ರ ಆಸುಪಾಸಿನಲ್ಲಿದ್ದ ಚೀನಾದ ಪಾಲು ಈಗ ಶೇ. 30ರ ಹತ್ತಿರ ಇದೆ. ಬೈರೋಕ್ ಅಂದಾಜಿನ 1750ರ ಅಂಕಿಯ ಸಮೀಪಕ್ಕೆ ಅದು ಮರಳಿದೆ. ನಾವು ಮರಳಿಲ್ಲ.

ಬರೀ ಪೆಟ್ಟಿಗೆಯಿಂದ ಇಷ್ಟೆಲ್ಲ ಆಗಲಿಲ್ಲ. ಅರ್ಥಶಾಸ್ತ್ರಜ್ಞ ರಿಚರ್ಡ್ ಬಾಲ್ಡ್ವಿನ್ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಉಗಿಹಡಗು ಸರಕನ್ನು ಅಗ್ಗವಾಗಿ ಸಾಗಿಸಿತು. ಆದರೆ ಕಾರ್ಖಾನೆ ಒಂದೇ ಕಡೆ ಇರಬೇಕಿತ್ತು, ಯಾಕೆಂದರೆ ನಕ್ಷೆ ಬರೆಯುವವನು, ಯಂತ್ರ ನಡೆಸುವವನು, ತಪ್ಪು ತಿದ್ದುವವನು ಒಂದೇ ಅಂಗಳದಲ್ಲಿ ಇಲ್ಲದೆ ಕೆಲಸ ಸಾಗುತ್ತಿರಲಿಲ್ಲ. 1980ರ ದಶಕದಿಂದೀಚೆಗೆ ದೂರವಾಣಿ, ಫ್ಯಾಕ್ಸ್, ಕಂಪ್ಯೂಟರ್ ಜಾಲಗಳು ಆ ಅಂಗಳವನ್ನೇ ಒಡೆದವು. ವಿನ್ಯಾಸ ಒಂದು ದೇಶದಲ್ಲಿ, ಬಿಡಿಭಾಗ ನಾಲ್ಕು ದೇಶಗಳಲ್ಲಿ, ಜೋಡಣೆ ಇನ್ನೊಂದರಲ್ಲಿ. ಹೀಗೆ ದೇಶಗಳ ನಡುವೆ ಓಡಾಡುವುದು ಈಗ ತಯಾರಾದ ಸರಕಿಗಿಂತ ಹೆಚ್ಚಾಗಿ ಅರ್ಧ ತಯಾರಾದ ಸರಕು.

ಈ ಸರಪಳಿ ಕರ್ನಾಟಕಕ್ಕೆ ಬಂದದ್ದು ಎರಡು ಬಾಗಿಲಿನಿಂದ.

ಒಂದು ಬಾಗಿಲು 1981ರಲ್ಲಿ ತೆರೆಯಿತು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ ಬೆಂಗಳೂರಿನಲ್ಲಿ ಶುರುವಾಯಿತು. ಸಮುದ್ರವೇ ಇಲ್ಲದ ಊರಿಗೆ ಬಂದರು. ಈಗ ವೈಟ್‌ಫೀಲ್ಡ್‌ನಲ್ಲಿರುವ ಡಿಪೊದಲ್ಲಿ ಕಸ್ಟಮ್ಸ್ ತಪಾಸಣೆ ಮುಗಿಸಿ ಸೀಲ್ ಹಾಕಿದರೆ ಪೆಟ್ಟಿಗೆ ರೈಲಿನಲ್ಲಿ ಚೆನ್ನೈಗೆ ಹೋಗಿ ನೇರ ಹಡಗು ಹತ್ತಬಹುದು. ಬಟ್ಟೆ ಹೊಲಿದು ವಿದೇಶಕ್ಕೆ ಕಳಿಸುವ ಬೆಂಗಳೂರಿನ ಉದ್ಯಮಕ್ಕೆ ಈ ಅನುಕೂಲ ಬೇಕೇ ಬೇಕಿತ್ತು. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್‌ಗಳು ಎದ್ದವು. ಒಂದು ಶರ್ಟು ಅಲ್ಲಿ ಹೇಗೆ ಆಗುತ್ತದೆ ನೋಡಿ. ಒಬ್ಬಳು ಕಾಲರ್ ಮಾತ್ರ ಹೊಲಿಯುತ್ತಾಳೆ, ಮುಂದಿನವಳು ಕಾಲರ್ ಕೂರಿಸುತ್ತಾಳೆ, ಆಚೆಯವಳು ಕಫ್, ಅದರಾಚೆಯವಳು ಕಾಜಾ. ಸಾಲಿನ ತುದಿಯ ಬೋರ್ಡಿನಲ್ಲಿ ಗಂಟೆಗೆಷ್ಟು ಪೀಸ್ ಎಂಬ ಟಾರ್ಗೆಟ್. ಒಂದೊಂದು ಹೊಲಿಗೆಗೂ ಇಷ್ಟು ಸೆಕೆಂಡು ಎಂಬ ಅಳತೆ ಇದೆ. ಆ ಬೋರ್ಡಿನ ಅಂಕಿಯ ಹಿಂದೆ ಇರುವುದು ಹಡಗು ಹೊರಡುವ ದಿನಾಂಕ. ಸಾಗಣೆ ನಿಖರವಾದಷ್ಟೂ ಅಂಗಡಿಯವರು ದಾಸ್ತಾನು ಇಡುವುದು ಕಡಿಮೆಯಾಗುತ್ತದೆ, ಆರ್ಡರು ಕೊನೆಯ ಗಳಿಗೆಗೆ ಬರುತ್ತದೆ. ಆ ಆತುರವೆಲ್ಲ ಕೊನೆಗೆ ಬಂದು ಕೂರುವುದು ಮಂಡ್ಯ, ತುಮಕೂರು, ಕನಕಪುರದ ಕಡೆಯಿಂದ ಬಂದ ಹೆಣ್ಣುಮಗಳ ಬೆನ್ನಿನ ಮೇಲೆ.

2005ರ ಜನವರಿ 1ರಂದು ಬಟ್ಟೆ ವ್ಯಾಪಾರದ ದೇಶವಾರು ಕೋಟಾಗಳು ಕೊನೆಗೊಂಡವು. ಅಲ್ಲಿಂದ ಬೆಂಗಳೂರು ನೇರವಾಗಿ ಢಾಕಾ, ಹೊ ಚಿ ಮಿನ್ ನಗರಗಳ ಜೊತೆ ಸ್ಪರ್ಧೆಗೆ ಬಿತ್ತು. ನಗರದಲ್ಲಿ ಬಾಡಿಗೆ, ಕೂಲಿ ಏರಿದಂತೆ ಕಾರ್ಖಾನೆಗಳು ಮದ್ದೂರು, ಮಂಡ್ಯ, ಹಾಸನ, ಶಿವಮೊಗ್ಗದತ್ತ ಹೊರಟವು. ಕನಿಷ್ಠ ವೇತನದ ವಲಯಗಳು ಅಲ್ಲಿ ಬೇರೆ. 2016ರ ಏಪ್ರಿಲ್‌ನಲ್ಲಿ ಇದೇ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಳಿಗೆ ಇಳಿದದ್ದು ನಿಮಗೆ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಿತ್ತು. ಗಾರ್ಮೆಂಟ್ಸ್ ಕೆಲಸದಲ್ಲಿ 58ರ ತನಕ ಉಳಿಯುವವರು ಯಾರು? ಕೆಲವು ವರ್ಷ ದುಡಿದು, ಕಣ್ಣೋ ಸೊಂಟವೋ ಸೋತು ಬಿಟ್ಟಾಗ ಕೈಗೆ ಬರುವ ಪಿ.ಎಫ್. ಹಣವೇ ಮಗಳ ಮದುವೆಗೆ, ಸಾಲ ತೀರಿಸುವುದಕ್ಕೆ ಆಧಾರ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಗಟ್ಟಿ ಸಂಘಟನೆ ಇಲ್ಲದ, ಊರೂರಿನಿಂದ ಬಂದ ಮಹಿಳೆಯರು ಗಳಿಸಿದ ಆ ಜಯವನ್ನು ನಮ್ಮ ಕಾರ್ಮಿಕ ಚರಿತ್ರೆ ಇನ್ನೂ ಹೆಚ್ಚು ಗೌರವದಿಂದ ಬರೆದುಕೊಳ್ಳಬೇಕು.

ಎರಡನೆಯ ಬಾಗಿಲು ಆಕಾಶದ ಕಡೆಗೆ ತೆರೆದದ್ದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಉಪಗ್ರಹ ಸಂಪರ್ಕದ ಮೂಲಕ ಚಿಪ್ ವಿನ್ಯಾಸದ ಕೆಲಸವನ್ನು ಅಮೆರಿಕಕ್ಕೆ ರವಾನಿಸತೊಡಗಿತು. ಧಕ್ಕೆಯೂ ಬೇಡ, ಪೆಟ್ಟಿಗೆಯೂ ಬೇಡ. ದೂರ ಪೂರ್ತಿ ಅಳಿಸಿಹೋಯಿತು ಎಂದು ಆಮೇಲೆ ಬಹಳ ಜನ ಬರೆದರು. ಅದು ನಿಜವಾಗಿದ್ದರೆ ಈ ಕೆಲಸ ಗದಗಿಗೂ ಬೀದರಿಗೂ ಬೆಂಗಳೂರಿನಷ್ಟೇ ಸುಲಭವಾಗಿ ಹೋಗಬೇಕಿತ್ತು. ಹೋಗಲಿಲ್ಲ. ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿಯ ಪಕ್ಕವೇ ಇನ್ನೊಂದು ಸೀರೆ ಅಂಗಡಿ ಬಂದು ಕೂರುವ ಹಾಗೆ ಕಂಪನಿಯ ಪಕ್ಕ ಕಂಪನಿ ಬಂದು ಕೂತಿತು, ಯಾಕೆಂದರೆ ನುರಿತ ಜನ ಸಿಗುವುದು ಅಲ್ಲಿ. ಆ ನುರಿತ ಜನ ಎಲ್ಲಿಂದ ಬಂದರು? 1909ರ ಭಾರತೀಯ ವಿಜ್ಞಾನ ಸಂಸ್ಥೆ, 1917ರ ಎಂಜಿನಿಯರಿಂಗ್ ಕಾಲೇಜು, 1940ರ ಎಚ್.ಎ.ಎಲ್., 1948ರ ದೂರವಾಣಿ ಕಾರ್ಖಾನೆ ಐ.ಟಿ.ಐ., 1954ರ ಬಿ.ಇ.ಎಲ್. ಇವನ್ನೆಲ್ಲ ಕಟ್ಟಿದವರ ಮನಸ್ಸಿನಲ್ಲಿ ಸಾಫ್ಟ್‌ವೇರ್ ಎಂಬುದು ಇರಲಿಲ್ಲ. ಬಹುಪಾಲು ಸಾರ್ವಜನಿಕ ಹಣದಿಂದ ದಶಕಗಳ ಕಾಲ ಕಟ್ಟಿದ ವಿದ್ಯೆ ಇದ್ದದ್ದರಿಂದ ಉಪಗ್ರಹದ ಕೊಂಡಿ ಬಂದಾಗ ಅದನ್ನು ಬಳಸಿಕೊಳ್ಳುವ ಜನ ಇಲ್ಲಿ ಸಿದ್ಧರಿದ್ದರು. ಹೂಡಿಕೆ ತರಲು ಭೂಮಿ ಕೊಟ್ಟರೆ, ತೆರಿಗೆ ಬಿಟ್ಟರೆ ಸಾಕು ಎನ್ನುವವರಿಗೆ ನಾನು ತೋರಿಸುವುದು ಈ ಇಸವಿಗಳನ್ನು.

ಇನ್ನು ರೋಬೋಟಿನ ಮಾತು. ಯಂತ್ರವೇ ಹೊಲಿದರೆ ಅಗ್ಗದ ಕೂಲಿಯ ದೇಶ ಯಾಕೆ ಬೇಕು, ಕಾರ್ಖಾನೆಗಳು ಶ್ರೀಮಂತ ದೇಶಗಳಿಗೆ ವಾಪಸಾಗುತ್ತವೆ ಎಂಬ ಭಯ ಇದೆ. ಅಡಿಡಾಸ್ ಕಂಪನಿ ಇದನ್ನು ಮಾಡಿಯೇ ನೋಡಿತು. ಜರ್ಮನಿಯ ಆನ್ಸ್‌ಬಾಖ್‌ನಲ್ಲಿ, ಆಮೇಲೆ ಅಮೆರಿಕದ ಅಟ್ಲಾಂಟಾದ ಹತ್ತಿರ ರೋಬೋಟುಗಳಿಂದ ಬೂಟು ಮಾಡುವ ‘ಸ್ಪೀಡ್‌ಫ್ಯಾಕ್ಟರಿ’ಗಳನ್ನು ತೆರೆಯಿತು. ಲೋಕವೆಲ್ಲ ಅದನ್ನು ಹೊಸ ಯುಗ ಎಂದಿತು. 2019ರ ನವೆಂಬರ್‌ನಲ್ಲಿ ಎರಡನ್ನೂ ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು. ಅಲ್ಲಿ ಕಲಿತ ತಂತ್ರವನ್ನು ವಿಯೆಟ್ನಾಂ ಮತ್ತು ಚೀನಾದ ತನ್ನ ಪೂರೈಕೆದಾರರ ಕಾರ್ಖಾನೆಗಳಲ್ಲಿ ಬಳಸುವುದಾಗಿ ಹೇಳಿತು. ಅಟ್ಟೆ, ದಾರ, ಅಂಟು, ಅಚ್ಚು ಮಾಡುವವರೆಲ್ಲ ಇರುವುದು ಏಷ್ಯಾದಲ್ಲಿ. ರೋಬೋಟು ಅವರಿರುವಲ್ಲಿಗೆ ಹೋಗಬೇಕಾಯಿತು. ಇದರಿಂದ ನಾವು ನಿಶ್ಚಿಂತೆಯಾಗಿ ಮಲಗುವಂತಿಲ್ಲ. ಕಾರ್ಖಾನೆ ಏಷ್ಯಾದಲ್ಲೇ ಉಳಿಯಬಹುದು, ಅದರೊಳಗಿನ ಕೆಲಸಗಾರರ ಸಂಖ್ಯೆ ಉಳಿಯಬೇಕೆಂದೇನೂ ಇಲ್ಲ.

ಒಂದೇ ಕಡೆ ಒಟ್ಟುಗೂಡುವುದರ ಅಪಾಯವನ್ನೂ ಕಂಡಿದ್ದೇವೆ. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ ‘ಎವರ್ ಗಿವನ್’ ಹಡಗು ಆರು ದಿನ ಸೂಯೆಜ್ ಕಾಲುವೆಗೆ ಅಡ್ಡ ನಿಂತಾಗ ಖಂಡಗಳ ನಡುವಿನ ವ್ಯಾಪಾರ ಕಂಗಾಲಾಯಿತು. ಅತ್ಯಾಧುನಿಕ ಚಿಪ್‌ಗಳಲ್ಲಿ ಬಹುಪಾಲು ತಯಾರಾಗುವುದು ತೈವಾನ್ ಎಂಬ ಒಂದು ದ್ವೀಪದಲ್ಲಿ. ಅವನ್ನು ಅಚ್ಚೊತ್ತುವ ಯಂತ್ರ ಮಾಡುವುದು ನೆದರ್‌ಲೆಂಡ್ಸ್‌ನ ಒಂದೇ ಕಂಪನಿ. ಕಾರ್ಖಾನೆಗಳನ್ನು ಚೀನಾದಿಂದಾಚೆಗೂ ಹಂಚಬೇಕೆಂಬ ಇಂದಿನ ಧಾವಂತಕ್ಕೆ ಇಂಥ ಅನುಭವಗಳ ಜೊತೆಗೆ ಅಮೆರಿಕ ಚೀನಾ ಜಗಳವೂ ಕಾರಣ.

ಆ ಅಲೆಯ ಮೇಲೆಯೇ ಮೊಬೈಲ್ ಫೋನ್ ಜೋಡಣೆ ಕೋಲಾರ ಜಿಲ್ಲೆಯ ನರಸಾಪುರಕ್ಕೆ, ದೇವನಹಳ್ಳಿಗೆ ಬಂದಿದೆ. ಇದನ್ನು ನಾನು ಸ್ವಾಗತಿಸುತ್ತೇನೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಜಿಲ್ಲೆಯಲ್ಲಿ ಸಾವಿರಾರು ಹೆಣ್ಣುಮಕ್ಕಳಿಗೆ ಸಂಬಳದ ಕೆಲಸ ಸಿಕ್ಕಿರುವುದು ಸಣ್ಣ ಮಾತಲ್ಲ. ಆದರೆ ಲೆಕ್ಕ ತಿಳಿದು ಸ್ವಾಗತಿಸಬೇಕು. 2010ರ ಐಫೋನ್ ಬಗ್ಗೆ ಅಮೆರಿಕದ ಸಂಶೋಧಕರು ಮಾಡಿದ ಅಧ್ಯಯನದಲ್ಲಿ ಮಾರಾಟ ಬೆಲೆಯ ಶೇ. 58.5 ಆಪಲ್ ಕಂಪನಿಯ ಲಾಭವಾಗಿ ಹೋಗಿತ್ತು; ಜೋಡಿಸಿದ ಚೀನಾದ ಕಾರ್ಮಿಕರ ಕೂಲಿಯಾಗಿ ಉಳಿದದ್ದು ಶೇ. 1.8. ಚೀನಾ ಅಲ್ಲಿಗೇ ನಿಲ್ಲಲಿಲ್ಲ. ಬಿಡಿಭಾಗ, ಬ್ಯಾಟರಿ, ಪರದೆ, ಯಂತ್ರೋಪಕರಣ ಎಂದು ಮೆಟ್ಟಿಲು ಹತ್ತಿತು. ಜೋಡಣೆ ಎಂಬ ಮೊದಲ ಮೆಟ್ಟಿಲಲ್ಲಿ ಕೂತುಬಿಟ್ಟರೆ, ಮುಂದಿನ ಯಂತ್ರವೋ ಮುಂದಿನ ಅಗ್ಗದ ಜಾಗವೋ ಬಂದ ದಿನ ನರಸಾಪುರದ ಹಾಸ್ಟೆಲುಗಳು ಖಾಲಿಯಾಗುತ್ತವೆ. 2020ರ ಡಿಸೆಂಬರ್‌ನಲ್ಲಿ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಸಂಬಳದ ವಿಚಾರಕ್ಕೆ ಗಲಭೆ ನಡೆದದ್ದನ್ನು ಬರೀ ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಗಿ ನೋಡಿದವರಿಗೆ ಲಂಡನ್ ಧಕ್ಕೆಯ ಇತಿಹಾಸ ಗೊತ್ತಿಲ್ಲ ಎಂದೇ ಹೇಳಬೇಕು. ಮಾತಾಡಲು ಮೇಜು ಇಲ್ಲದ ಕಡೆ ಜಗಳ ಬೀದಿಗೆ ಬರುತ್ತದೆ.

ಆದ್ದರಿಂದ ನನ್ನದೊಂದು ಕೋರಿಕೆ ಇದೆ. ಸರ್ಕಾರ ದೊಡ್ಡ ಕಂಪನಿಗಳ ಜೊತೆ ಹೂಡಿಕೆ ಒಪ್ಪಂದಕ್ಕೆ ಸಹಿ ಹಾಕುವಾಗ ಎಷ್ಟು ಎಕರೆ, ಎಷ್ಟು ರಿಯಾಯಿತಿ, ಎಷ್ಟು ಉದ್ಯೋಗ ಎಂಬ ಅಂಕಿಗಳು ಪತ್ರಿಕೆಗೆ ಬರುತ್ತವೆ. ಅದರ ಜೊತೆಗೆ ಮೂರು ಷರತ್ತು ಸೇರಿಸಲಿ. ಕಾರ್ಮಿಕರನ್ನು ತೆಗೆಯುವ ಯಂತ್ರ ತರುವ ಮುಂಚೆ ಅವರ ಪ್ರತಿನಿಧಿಗಳ ಜೊತೆ ಕೂತು ಮಾತಾಡಬೇಕು. ಕೊಟ್ಟ ರಿಯಾಯಿತಿಯ ಒಂದು ಪಾಲು ಅವರ ಮರುತರಬೇತಿಯ ನಿಧಿಗೆ ಹೋಗಬೇಕು. ಸುತ್ತಲಿನ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆ, ಪಾಲಿಟೆಕ್ನಿಕ್‌ಗಳಲ್ಲಿ ಬಿಡಿಭಾಗ ಮಾಡುವ ವಿದ್ಯೆ ಕಲಿಸಲು ಕಂಪನಿಯ ಯಂತ್ರ, ಕಂಪನಿಯ ಶಿಕ್ಷಕರು ಬರಬೇಕು. 1960ರಲ್ಲಿ ಒಬ್ಬ ಧಕ್ಕೆ ನಾಯಕ ಪಡೆದುಕೊಂಡದ್ದಕ್ಕಿಂತ ಇದು ಹೆಚ್ಚೇನಲ್ಲ.

ಇಲ್ಲಿ ಕೂತಿರುವ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಮದ್ದೂರಿನ ಗಾರ್ಮೆಂಟ್ಸ್, ನರಸಾಪುರದ ಜೋಡಣೆ ಘಟಕ, ಮಂಗಳೂರಿನ ಹಳೆ ಬಂದರು ಇವೆಲ್ಲ ನಿಮಗೆ ಒಂದು ಬಸ್ಸಿನ ದೂರದಲ್ಲಿವೆ. ಅಲ್ಲಿಗೆ ಹೋಗಿ. ಕೂಲಿ ಎಷ್ಟು, ಬಾಡಿಗೆ ಎಷ್ಟು, ಕೆಲಸ ಬಿಟ್ಟವರು ಎಲ್ಲಿಗೆ ಹೋದರು ಎಂದು ಕೇಳಿ ಕನ್ನಡದಲ್ಲಿ ಬರೆಯಿರಿ. ಒಪ್ಪಂದದ ಮೇಜಿನ ಮುಂದೆ ಕೂರುವವರ ಕೈಯಲ್ಲಿ ಆ ಲೆಕ್ಕ ಇರಬೇಕು.